ದಾದರ್ ಪ್ಲಾಟ್‌ಫಾರ್ಮಿನ ಅಕ್ಕೋರು

ದಪ್ಪ ಕಾಟನ್ ಸೀರೆ, ಅದರ ಕೆಳಗೆ ಗಂಡಸರು ಹಾಕುವ ಬಿಳಿ ಕ್ಯಾನ್ವಾಸ್ ಬೂಟು. ನಮ್ಮ ಶಾಲೆಯ ಅಕ್ಕೋರನ್ನು ನಾನು ಮೊದಲು ನೋಡಿದ್ದು ಹಾಗೆ, ದಾದರ್ ಸ್ಟೇಷನ್ನಿನಲ್ಲಿ. ಸಿಂದಗಿ ಕಡೆಯಿಂದ ಕೂಲಿಗೆಂದು ಬಂದ ನಾವು ಜೋಳದ ಚೀಲ ಇಳಿಸಿಕೊಳ್ಳುತ್ತಿದ್ದೆವು. ಅವರು ನೇರವಾಗಿ ಬಂದು ಅವ್ವನ ಕೈ ಹಿಡಿದರು.

"ಹುಡುಗಿಗೆ ವಯಸ್ಸೆಷ್ಟವ್ವಾ?"

"ಆರಿರಬೇಕ್ರಿ."

"ಆರಂದ್ರ ನನ್ನಾಕಿ. ಎಲ್ಲಿ ಇರ್ತೀರಿ?"

"ಆಂಟಾಪ್ ಹಿಲ್‌ನಾಗ, ಮೈದುನನ ಖೋಲ್ಯಾಗ."

ಅಪ್ಪ ನಕ್ಕುಬಿಟ್ಟ. "ಇನ್ನೂ ಚಾ ಕುಡದಿಲ್ಲ, ಆಗಲೇ ಸಾಲಿ ಬಂತಲ್ಲ!"

ಅಕ್ಕೋರದು ಮುನ್ಸಿಪಾಲಿಟಿಯ ಕನ್ನಡ ಶಾಲೆ. ಆ ಕಟ್ಟಡದಲ್ಲಿ ಮಹಡಿಗೊಂದು ಭಾಷೆ. ಬಿಸಿಲಿಗೆ ಕಾಯುವ ಮೇಲಿನ ಮಹಡಿ ನಮ್ಮದು. ವರ್ಷ ವರ್ಷವೂ ಮಕ್ಕಳು ಕಡಿಮೆಯಾಗುತ್ತಿದ್ದರು. ತೀರಾ ಕಡಿಮೆಯಾದರೆ ಶಾಲೆಗೆ ಬೀಗ. ಅದಕ್ಕೇ ಜೂನ್ ಬಂತೆಂದರೆ ಅಕ್ಕೋರು ನಮ್ಮ ಕಡೆಯ ರೈಲುಗಳಿಗೆ ಕಾದು ನಿಂತು ಮಕ್ಕಳನ್ನು ಹಿಡಿಯುತ್ತಿದ್ದರು. ಹಿಡಿದವರನ್ನು ಬಿಡುತ್ತಲೂ ಇರಲಿಲ್ಲ. ಒಂದು ದಿನ ತಪ್ಪಿಸಿದರೆ ಖೋಲಿಯ ಹೊಸ್ತಿಲ ಮೇಲೇ ಬಂದು ಕೂರುವರು. ಜ್ವರ ಎಂದರೆ ಹಣೆ ಮುಟ್ಟಿ ನೋಡುವ ಅನುಮಾನದ ಹೆಂಗಸು. ಬೋರ್ಡಿನ ಮೇಲೆ ಲೆಕ್ಕ ತಪ್ಪಿದರೆ ಸಿಟ್ಟಿಲ್ಲ, ಸುಮ್ಮನೆ ನಿಂತರೆ ಮಾತ್ರ ಕಿವಿ ಹಿಂಡುತ್ತಿದ್ದರು. "ತಪ್ಪಾದ್ರೂ ಹೇಳು, ಬಾಯಿ ಬಿಡು!"

ನಾಲ್ಕನೆಯ ತರಗತಿಯಲ್ಲಿ ನಾನೇ ಮೊದಲಿಗಳು. ಆ ವರ್ಷವಿಡೀ ಶಾಲೆ ಬಿಟ್ಟ ಮೇಲೆ ನನ್ನೊಬ್ಬಳನ್ನೇ ಕೂರಿಸಿ ಇಂಗ್ಲಿಷ್ ಕಲಿಸಿದರು. ಯಾಕೆಂದು ನನಗೂ ಗೊತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಒಂದು ಸಂಜೆ ಮನೆಗೆ ಬಂದರು. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಇಕಿನ್ನ ಪರೇಲದ ಇಂಗ್ಲಿಷ್ ಸಾಲಿಗೆ ಹಾಕು. ಅದೂ ಮುನ್ಸಿಪಾಲ್ಟೀದು. ನಾ ಮಾತಾಡಿ ಬಂದೀನಿ."

ಅವ್ವನ ಕೈ ನಿಂತಿತು. "ಸ್ಟೇಷನ್ನಿಗೆ ಹೋಗಿ ಹುಡುಗರನ್ನ ಹಿಡಕೊಂಡು ಬರ್ತೀರಿ. ಈಗ ಇದ್ದಾಕಿನ್ನ ಕಳಸ್ತೀರಾ ಅಕ್ಕೋರ?"

"ನಮ್ಮಲ್ಲಿ ಏಳನೇದರ ತನಕ ಅಷ್ಟ ಅದ. ಎಂಟನೇದಕ್ಕ ಬ್ಯಾರೆ ಭಾಷಾಕ್ಕ ಹಾರಬೇಕು. ಹಾರಿದವರನ್ನ ನೋಡೀನಿ, ಭಾಳ ಮಂದಿ ಫೇಲಾಗಿ ಮನ್ಯಾಗ ಕುಂತಾರ. ಇಕಿ ಸಣ್ಣಾಕಿದ್ದಾಗ ಹಾರಲಿ."

"ನಿಮ್ಮ ಸಾಲಿ?"

"ಸಾಲಿ ಚಿಂತಿ ನನಗಿರಲಿ. ನೀ ಯೂನಿಫಾರ್ಮ್ ಹೊಲಿಸು."

ನಾನು ಪರೇಲಿಗೆ ಹೋದ ಎರಡು ವರ್ಷದಲ್ಲಿ ಕನ್ನಡ ಶಾಲೆ ಮುಚ್ಚಿತು. ಅಕ್ಕೋರಿಗೆ ದೂರದ ಉಪನಗರಕ್ಕೆ ವರ್ಗವಾಯಿತು. ಬೇಸರವಾಯಿತೇ ಎಂದು ಒಮ್ಮೆ ಕೇಳಿದ್ದಕ್ಕೆ, "ಆಗದ ಇರ್ತದೇನು?" ಎಂದು ನನ್ನ ಮಾರ್ಕ್ಸ್ ಕೇಳಿದರು. ನಾನು ಈಗ ಪರೇಲಿನ ಆಸ್ಪತ್ರೆಯಲ್ಲಿ ನರ್ಸ್.

ಹೋದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಅವರ ಮನೆಯ ಅಂಗಳದಲ್ಲಿ ಪರಿಚಯವಿಲ್ಲದ ಹೆಂಗಸರು, ಗಂಡಸರು ಅಳುತ್ತಿದ್ದರು. ಪಕ್ಕದವಳನ್ನು ಮಾತಾಡಿಸಿದೆ. ಅವಳನ್ನೂ ನಾಲ್ಕನೆಯದರ ನಂತರ ಅಕ್ಕೋರೇ ಬೇರೆ ಶಾಲೆಗೆ ಸೇರಿಸಿದ್ದರಂತೆ. ಅವಳ ಹಿಂದೆ ನಿಂತವನನ್ನೂ. ಆಚೆ ನಿಂತಿದ್ದ ಅಕ್ಕತಂಗಿಯರನ್ನೂ. ನನಗೆ ಅಳು ತಡೆಯಲಾಗಲಿಲ್ಲ. ನಮ್ಮನ್ನೆಲ್ಲ ಇಟ್ಟುಕೊಂಡಿದ್ದರೆ ಅವರ ಶಾಲೆ ಉಳಿಯುತ್ತಿತ್ತು.