ಪುಟ್ಟಿಯ ಉಪವಾಸ

ಆ ಬೀದಿಯಲ್ಲಿ ಅರ್ಧ ಜನ ಅವಳನ್ನು ಟೈಲರಕ್ಕ ಎನ್ನುತ್ತಿದ್ದರು, ಇನ್ನರ್ಧ ಜನ ಘೇಂಡಣ್ಣನ ಹೆಂಡತಿ ಎನ್ನುತ್ತಿದ್ದರು. ಎರಡನೆಯದು ಕಿವಿಗೆ ಬಿದ್ದರೆ ಸಾಕು, ಅವಳ ಹೊಲಿಗೆ ಯಂತ್ರದ ಸದ್ದು ಜೋರಾಗುತ್ತಿತ್ತು. ಮುಂದಿನ ಕೋಣೆಯಲ್ಲಿ ಕಿಟಕಿ ಪಕ್ಕ ಕೂತು, ಕೊರಳಿಗೆ ಟೇಪು ಹಾಕಿಕೊಂಡು, ಬೆಳಗಿನಿಂದ ಸಂಜೆವರೆಗೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು ತಾನು. ತನ್ನನ್ನು ಒಂದು ಮೃಗದ ಹೆಸರಿನಿಂದ ಗುರುತು ಹಿಡಿಯುತ್ತಾರಲ್ಲ ಎಂದು ಮೈಯೆಲ್ಲ ಉರಿದುಹೋಗುತ್ತಿತ್ತು.

ಗಂಡ ಮೃಗಾಲಯದಲ್ಲಿ ಘೇಂಡಾಮೃಗ ನೋಡಿಕೊಳ್ಳುವವನು. ಮದುವೆಯಾದ ಎರಡನೇ ವರ್ಷ, ತಾಯಿ ಸತ್ತ ಒಂದು ಹೆಣ್ಣುಮರಿ ಅಲ್ಲಿಗೆ ಬಂತು. ಅವನು ಬಾಟಲಿ ಹಾಲು ಕುಡಿಸಿ ಅದನ್ನು ಬದುಕಿಸಿದ. ಪುಟ್ಟಿ ಎಂದು ಹೆಸರಿಟ್ಟ. ಮರಿ ಬೆಳೆದು ಸಾವಿರದ ಆರುನೂರು ಕೆಜಿ ತೂಗಿದರೂ ಅವನಿಗೆ ಪುಟ್ಟಿಯೇ. ಕಟ್ಟಿಕೊಂಡ ಹೆಂಡತಿಯನ್ನು ಮಾತ್ರ ಇಷ್ಟು ವರ್ಷಗಳಲ್ಲಿ ‘ಏ ಇವಳೇ’ ಎಂಬುದು ಬಿಟ್ಟು ಬೇರೆ ಯಾವ ಹೆಸರಿನಿಂದಲೂ ಕರೆದವನಲ್ಲ.

ಮಗಳು ಹುಟ್ಟಿದ ದಿನ ಮರಿಗೆ ಭೇದಿ. ಅಪ್ಪ ಎನಿಸಿಕೊಂಡವನು ಆಸ್ಪತ್ರೆಗೆ ಬಂದದ್ದು ಮೂರನೇ ದಿನ, ಅದೂ ಹಳಸಿದ ಹಾಲಿನ ವಾಸನೆ ಹೊತ್ತುಕೊಂಡು. ತಟ್ಟೆ ಮುಂದೆ ಕೂತರೂ ಅದೇ ಪುರಾಣ: ಪುಟ್ಟಿಗೆ ಕಣ್ಣು ಮಂದ, ಆದರೆ ಮೂಗು ಚುರುಕು, ಎರಡು ಕಿವಿಯನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸ್ತಾಳೆ, ಎಷ್ಟು ಶಿಸ್ತು ಅಂದರೆ ದಿನಾ ಒಂದೇ ಜಾಗದಲ್ಲಿ ಸಗಣಿ ಹಾಕ್ತಾಳೆ.

“ಊಟದ ಹೊತ್ತಲ್ಲಿ ಬೇರೆ ಮಾತೇ ಇಲ್ವೇನ್ರೀ?” ಎನ್ನುತ್ತಿದ್ದಳು ಅವಳು. ಮಗಳು ದೊಡ್ಡವಳಾದ ಮೇಲೆ, “ಅಮ್ಮಾ, ಸವತಿ ಮೇಲೆ ಇಷ್ಟು ಕೋಪ ಮಾಡ್ಕೋಬೇಡ” ಎಂದು ನಗುತ್ತಿದ್ದಳು. ನಗುವ ಮಾತಲ್ಲ ಅದು. ಹದಿನೆಂಟು ವರ್ಷ ಅವಳು ಮೃಗಾಲಯದ ಬಾಗಿಲು ತುಳಿದಿರಲಿಲ್ಲ. ಮಗಳನ್ನೂ ಪಕ್ಕದ ಮನೆಯವರ ಜೊತೆ ಕಳಿಸಿದ್ದಳೇ ಹೊರತು ತಾನು ಹೋಗಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಲು ಹೋಗಿ ಅವನು ಏಣಿಯಿಂದ ಬಿದ್ದ. ಬಲಗಾಲಿನ ಮೂಳೆ ಮುರಿದು, ಎರಡು ತಿಂಗಳು ಮಂಚ ಬಿಟ್ಟು ಏಳಕೂಡದು ಎಂದಾಯಿತು. ಮಗಳು ಹಾಸ್ಟೆಲ್‌ನಲ್ಲಿ. ಮನೆಯಲ್ಲಿ ಅವರಿಬ್ಬರೇ. ಹೇಳಿಕೊಳ್ಳುವಂಥದ್ದಲ್ಲ, ಆದರೆ ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಬೆಳಗ್ಗೆ ಬೆನ್ನಿಗೆ ಎಣ್ಣೆ ತಿಕ್ಕಿದಳು, ಗಡ್ಡ ಹೆರೆದಳು, ಯಂತ್ರವನ್ನೇ ಮಂಚದ ಪಕ್ಕಕ್ಕೆ ಎಳೆದುಕೊಂಡಳು. ಮಾತಾಡಲಿ, ಇನ್ನಾದರೂ ನನ್ನ ಜೊತೆ ಮಾತಾಡಲಿ ಎಂದು. ಅವನು ಗೋಡೆ ನೋಡುತ್ತ, “ಪುಟ್ಟಿಗೆ ಯಾರು ಹುಲ್ಲು ಹಾಕ್ತಿದ್ದಾರೋ” ಎಂದ.

ನಾಲ್ಕನೇ ದಿನ ಮೃಗಾಲಯದ ಡಾಕ್ಟರು ಬಾಗಿಲಿಗೆ ಬಂದರು. ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದಾದ ಹುಡುಗಿ. ಒಳಗೆ ಅವನು ಮಾತ್ರೆ ನುಂಗಿ ನಿದ್ದೆ ಹೋಗಿದ್ದ.

“ಅಕ್ಕಾ, ಪುಟ್ಟಿ ಮೂರು ದಿನದಿಂದ ಹುಲ್ಲು ಮುಟ್ಟಿಲ್ಲ. ದಿನಕ್ಕೆ ಐವತ್ತು ಕೆಜಿ ತಿನ್ನೋ ಪ್ರಾಣಿ. ಹತ್ತಿರ ಹೋದವರನ್ನೆಲ್ಲ ಅಟ್ಟಿಸ್ಕೊಂಡು ಬರ್ತಾಳೆ. ಅಣ್ಣನದ್ದು ಒಗೆಯದೇ ಇರೋ ಅಂಗಿ ಒಂದಿದ್ರೆ ಕೊಡ್ತೀರಾ? ವಾಸನೆ ಸಿಕ್ಕಿದ್ರೆ ಸಮಾಧಾನ ಆಗಬಹುದು.”

“ಎಲ್ಲಾ ಒಗೆದುಬಿಟ್ಟೆನಲ್ಲಮ್ಮ,” ಎಂದಳು ಟೈಲರಕ್ಕ.

ಹಸಿ ಸುಳ್ಳು. ಖಾಕಿ ಅಂಗಿಯೊಂದು ಬಾಗಿಲ ಹಿಂದಿನ ಮೊಳೆಯಲ್ಲೇ ನೇತಾಡುತ್ತಿತ್ತು. ಡಾಕ್ಟರು ಮುಖ ಸಪ್ಪೆ ಮಾಡಿಕೊಂಡು ಹೋದ ಮೇಲೆ ಅವಳು ಅದನ್ನು ಎಳೆದುಕೊಂಡು ಸೋಪಿನ ನೀರಿಗೆ ಅದ್ದಿದಳು. ಕಾಲರು, ಕಂಕುಳು ಎಲ್ಲ ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೊಳೆದಳು. ಆ ಪ್ರಾಣಿ ಸಾಯಲಿ ಎಂದು ಅವಳು ಅಂದುಕೊಳ್ಳಲಿಲ್ಲ. ಅವನ ಬೆವರಾದರೂ ಈ ಮನೆ ದಾಟದಿರಲಿ ಎಂದಷ್ಟೇ ಅಂದುಕೊಂಡಳು.

ಮರುದಿನ ಜೊತೆಗೆಲಸದವನೊಬ್ಬ ಫೋನ್ ಮಾಡಿ ಎಲ್ಲ ಹೇಳಿಬಿಟ್ಟ. ಡಾಕ್ಟರು ಅಂಗಿ ಕೇಳಿದ್ದೊಂದು ಮಾತ್ರ ಆ ಜೊತೆಗೆಲಸದವನಿಗೆ ಗೊತ್ತಿರಲಿಲ್ಲ. ಪ್ಲಾಸ್ಟರ್ ಹಾಕಿದ ಕಾಲನ್ನು ಎತ್ತಿ ಇಳಿಸಲು ಹೋಗಿ, ಆಗದೆ, ಗಂಡ ಮಂಚದ ಅಂಚಿನಲ್ಲಿ ಕೂತು ಅತ್ತ. ತಾಯಿ ತೀರಿಕೊಂಡಾಗ ಕೂಡ ತುಟಿ ಪಿಟಕ್ಕೆನ್ನದೆ ನಿಂತಿದ್ದ ಗಂಡಸು. ಅವಳ ಎದೆಗೆ ಕೊಳ್ಳಿ ಇಟ್ಟಂತಾಯಿತು. ತಾನು ಸತ್ತರೆ ಇಷ್ಟು ಅಳುತ್ತಾನೆಯೇ? ಎಂದಿನಂತೆ ಬೆನ್ನಿಗೆ ಎಣ್ಣೆ ತಿಕ್ಕಿ, ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ ಹೊರಟೆ?”

“ನಿಮ್ಮ ಪುಟ್ಟಿನ ನೋಡಿ ಬರ್ತೀನಿ. ಏನಿದೆ ಅದರಲ್ಲಿ ಅಂತ ನಾನೂ ನೋಡ್ತೀನಿ.”

ಮೃಗಾಲಯದ ಹಿಂಬದಿಯಲ್ಲಿ, ತೋಳುದಪ್ಪದ ಕಬ್ಬಿಣದ ಕಂಬಗಳ ಆಚೆ ಅದು ನಿಂತಿತ್ತು. ಇಷ್ಟು ದೊಡ್ಡದಿರುತ್ತದೆ ಎಂದು ಅವಳು ಎಣಿಸಿರಲಿಲ್ಲ. ಅದರ ಭುಜ ಅವಳ ನೆತ್ತಿಯ ಎತ್ತರಕ್ಕಿತ್ತು. ಚರ್ಮ ಭುಜದಲ್ಲಿ, ತೊಡೆಯಲ್ಲಿ ಮಡಿಕೆ ಮಡಿಕೆಯಾಗಿ ಇಳಿಬಿದ್ದಿತ್ತು. ಯಾರೋ ಅಳತೆ ತಪ್ಪಿ ಹೊಲಿದುಬಿಟ್ಟ ಹಾಗೆ. ಅದರ ಮುಂದೆ ಹುಲ್ಲಿನ ಗುಡ್ಡೆ ಬಾಡಿ ಬಿದ್ದಿತ್ತು.

“ಅಕ್ಕಾ, ಹಿಂದೆ ನಿಲ್ಲಿ. ಸಿಟ್ಟು ಬಂದ್ರೆ ಕುದುರೆ ಥರ ಓಡ್ತಾಳೆ,” ಎಂದರು ಡಾಕ್ಟರು.

ಅದರ ಕಿವಿ ಒಂದು ಡಾಕ್ಟರ ಕಡೆಗೆ, ಇನ್ನೊಂದು ಇವಳ ಕಡೆಗೆ ತಿರುಗಿತು. ಮೂಗು ಮೇಲೆತ್ತಿ ಗಾಳಿ ಎಳೆದುಕೊಂಡಿತು. ಬುಸ್ ಎಂದು ಉಸಿರು ಬಿಟ್ಟು, ನೆಲ ಅದುರುವಂತೆ ನಾಲ್ಕು ಹೆಜ್ಜೆ ಓಡಿಬಂದು ಕಂಬದ ಹತ್ತಿರ ನಿಂತುಬಿಟ್ಟಿತು. ಡಾಕ್ಟರು ಅವಳ ರಟ್ಟೆ ಹಿಡಿದು ಎಳೆದರು. ಅವಳು ಅಲುಗಲಿಲ್ಲ. ಭಯಕ್ಕೆ ಕಾಲು ಮರಗಟ್ಟಿತ್ತು ಎಂಬುದೇ ಸರಿ. ಪ್ರಾಣಿ ಅವಳ ಅಂಗೈಗೆ ಮೂಗು ತಂದಿತು. ಈಗ ತಾನೇ ಗಂಡನ ಬೆನ್ನು ತಿಕ್ಕಿ ಬಂದ ಅಂಗೈ. ಮತ್ತೆ ಮತ್ತೆ ಮೂಸಿತು. ಅಷ್ಟು ದೊಡ್ಡ ದೇಹದಿಂದ, ಎಣ್ಣೆ ಕಾಣದ ಬಾಗಿಲು ತೆರೆದಂಥ ಸಣ್ಣ ಕಿರುಗುಟ್ಟಿದ ದನಿ ಬಂತು.

ಟೈಲರಕ್ಕನಿಗೆ ಏನಾಯಿತೋ, ಬೈಯಲು ಶುರು ಮಾಡಿದಳು.

“ಏನೇ? ಊಟ ಬಿಟ್ರೆ ಓಡಿ ಬರ್ತಾರೆ ಅಂದ್ಕೊಂಡ್ಯಾ? ನಾನೂ ಹೊಸದರಲ್ಲಿ ಹೀಗೇ ಮಾಡಿದ್ದೆ. ಎರಡು ದಿನ ಉಪವಾಸ ಕೂತೆ. ಬರಲಿಲ್ಲ ಅವರು. ನಿನ್ನ ಹತ್ರ ಇದ್ರು. ಈಗ ಕಾಲು ಮುರಿದುಕೊಂಡು ಬಿದ್ದಿದ್ದಾರೆ, ನಿನಗೋಸ್ಕರ ಅಳ್ತಿದ್ದಾರೆ. ಇನ್ನೇನು ಬೇಕು ನಿನಗೆ? ತಿನ್ನು!”

ಬೈಯುತ್ತಲೇ ಬಗ್ಗಿ, ಕೆಲಸದವರು ಕಂಬದ ಈಚೆ ತಂದಿಟ್ಟಿದ್ದ ಹಸಿರು ಸೊಪ್ಪು ಒಂದು ಹಿಡಿ ಎತ್ತಿ ಚಾಚಿದಳು. ಅದು ಮೇಲ್ದುಟಿಯನ್ನು ಬೆರಳಿನಂತೆ ಮಡಿಚಿ, ಅವಳ ಕೈಗೆ ತಾಗದ ಹಾಗೆ ಒಂದೊಂದೇ ಕಡ್ಡಿ ಎಳೆದುಕೊಂಡಿತು. ಡಾಕ್ಟರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಹೊರಗೆ ಬಂದ ಮೇಲೆ ಅವಳೇ ಹೇಳಿದಳು. “ಅಂಗಿ ಇತ್ತಮ್ಮ. ನಾನೇ ನೀರಿಗೆ ಹಾಕಿದೆ.”

“ನಾಳೆನೂ ಬರ್ತೀರಾ ಅಕ್ಕಾ?” ಎಂದಷ್ಟೇ ಕೇಳಿದರು ಡಾಕ್ಟರು.

ಮನೆಗೆ ಬಂದು ‘ತಿಂತು’ ಎಂದಾಗ ಗಂಡ ಕಣ್ಣು ಒರೆಸಿಕೊಂಡ. ಆಮೇಲೆ ಕೇಳಿದ: “ನಿನ್ನ ಕೈಯಿಂದಾನಾ?”

“ಹೂಂ ರೀ.”

“ಕೈಯಿಂದಾನೇ? ಮೊದಲನೇ ದಿನಾನೇ?” ಅವನ ಮುಖ ಇಳಿದುಹೋಯಿತು. “ನಂಗೆ ಹಾಲಿನ ಬಾಟಲಿ ಹಿಡಿಸೋಕೇ ವಾರ ಬೇಕಾಯ್ತು.”

ಆ ದಿನ ಯಂತ್ರದ ಮುಂದೆ ಕೂತವಳು ಹಾಡು ಗುನುಗುತ್ತಿದ್ದಳಂತೆ. ಪಕ್ಕದ ಮನೆಯವರು ಹೇಳಿದ್ದು.

ಎರಡು ತಿಂಗಳು ಅವಳು ದಿನಾ ಬೆಳಗ್ಗೆ ಹೋದಳು. ಹೋಗುವುದೇನೋ ಹೋದಳು, ಪುಟ್ಟಿಯನ್ನು ಇಷ್ಟಪಟ್ಟಳು ಎನ್ನುವ ಹಾಗಿಲ್ಲ. ಅವನು ಯಾವ ದನಿಯಲ್ಲಿ ಕರೆಯುತ್ತಾನೆ ಎಂದು ಕೆಲಸದವರನ್ನು ಕೇಳುತ್ತಿದ್ದಳು, ಕೇಳಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದಳು. ಸೊಪ್ಪು ಮಾತ್ರ ತಾನೇ ಆರಿಸಿ ಹಾಕುತ್ತಿದ್ದಳು. ಬೇರೆಯವರು ಹಾಕಿದರೆ ಸರಿಬರುತ್ತಿರಲಿಲ್ಲ.

ಅವನು ಊರುಗೋಲು ಹಿಡಿದು ಮತ್ತೆ ಕೆಲಸಕ್ಕೆ ಹೊರಟ ದಿನ ಅವಳೂ ಜೊತೆಗೆ ಹೋದಳು. ಬಾಗಿಲಲ್ಲೇ ನಿಂತು ಅವನು, “ಪುಟ್ಟೀ” ಎಂದ. ಕೆಸರಲ್ಲಿ ಮಲಗಿದ್ದ ಪ್ರಾಣಿ ದಡಬಡ ಎದ್ದು, ಸೊಪ್ಪು ಹಿಡಿದು ನಿಂತ ಅವಳನ್ನು ದಾಟಿ, ಒಂದು ಸಲವೂ ಮೂಸದೆ, ನೇರ ಅವನ ಬಳಿಗೆ ಓಡಿತು. ಅವನು ಕಂಬಗಳ ಸಂದಿನಿಂದ ಕೈ ತೂರಿಸಿ ಅದರ ಕಿವಿಯ ಹಿಂದೆ ತುರಿಸಿದ. ಟೈಲರಕ್ಕನ ಹೊಟ್ಟೆಯಲ್ಲಿ ಅದೇ ಹಳೇ ಉರಿ ಎದ್ದಿತು. ಆದರೆ ಈ ಸಲ ಅದು ಆ ಮೃಗದ ಮೇಲೋ, ಅದು ಯಾರ ಬಳಿಗೆ ಓಡಿತೋ ಆ ಗಂಡಸಿನ ಮೇಲೋ ಅವಳಿಗೇ ತಿಳಿಯಲಿಲ್ಲ. ಸೊಪ್ಪನ್ನು ಗುಡ್ಡೆಯ ಮೇಲೆ ಇಟ್ಟು, ಡಾಕ್ಟರ ಕಡೆ ತಿರುಗಿ, “ನಾಳೆ ಸ್ವಲ್ಪ ತಡವಾಗಿ ಬರ್ತೀನಿ,” ಎಂದಳು.