ಜಲಾಲ್ ನಿಲ್ಲಿಸದ ಮೀನು

ಒಮಾನಿನಲ್ಲಿ ಚಳಿ ಎಂದರೆ ನಮ್ಮ ಮೈಸೂರಿನ ನೆಂಟರು ನಗುತ್ತಾರೆ. ಹಾಗೆ ನಗುವವರನ್ನು ಒಂದು ಡಿಸೆಂಬರ್ ಮುಂಜಾನೆ ಸಹಮ್ ಊರಾಚೆಯ ನಮ್ಮ ದನದ ಫಾರ್ಮಿಗೆ ಕರೆತಂದು ಬಯಲಿನಲ್ಲಿ ನಿಲ್ಲಿಸಬೇಕು. ಪಶ್ಚಿಮದ ಕಲ್ಲುಬೆಟ್ಟಗಳಿಂದ ಇಳಿದ ಗಾಳಿಗೆ ಸಮುದ್ರದವರೆಗೂ ತಡೆಯಿಲ್ಲ. ಅಲ್ಲೊಂದು ಇಲ್ಲೊಂದು ಜಾಲಿ ಮರ, ಉಳಿದದ್ದು ಬರೀ ಜಲ್ಲಿಯ ಬಯಲು. ಎಂಬತ್ತು ಹಸುಗಳೂ ಒಂದಕ್ಕೊಂದು ಮೈ ಒತ್ತಿಕೊಂಡು ನಿಂತಿರುತ್ತವೆ. ನಾನು ಸ್ವೆಟರ್ ಮೇಲೆ ಜಾಕೆಟ್ಟು ಹಾಕಿ, ಮಂಕಿ ಕ್ಯಾಪ್ ಎಳೆದುಕೊಂಡು ಹೊರಗೆ ಬಂದರೆ ಜಲಾಲ್ ಆಗಲೇ ಅಲ್ಲಿರುತ್ತಿದ್ದರು. ಲುಂಗಿ, ಹಳೆಯ ಶರಟು, ಹೆಗಲ ಮೇಲೊಂದು ಗೋಣಿಚೀಲ. ಆ ಗೋಣಿ ಅವರಿಗಲ್ಲ, ಹೊಸದಾಗಿ ಹುಟ್ಟಿದ ಕರುವಿಗೆ.

ಈ ಜಲಾಲ್ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಬರೆಯಲು ಸುಲಭ.

ಅವರು ಉಪ್ಪಿನಂಗಡಿ ಕಡೆಯ ಬ್ಯಾರಿ. ಮೂವತ್ತು ದಾಟಿದ ಮೇಲೆ ಇಲ್ಲಿಗೆ ಬಂದು, ಇದೇ ಕೊಟ್ಟಿಗೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದವರು. ಹೆಂಡತಿ ಮುಫೀದಾ ಊರಿನಲ್ಲಿ. ಇಬ್ಬರು ಹೆಣ್ಣುಮಕ್ಕಳ ಮದುವೆಯನ್ನೂ ರಜೆಯ ಮೇಲೆ ಹೋಗಿ ಮಾಡಿಸಿ, ವಾರದೊಳಗೆ ವಾಪಸ್ಸು ಬಂದಿದ್ದರು. ಯಾಕಿಷ್ಟು ಅವಸರ ಎಂದರೆ, ‘ಇಲ್ಲಿ ಗಬ್ಬದ ದನ ನಾಲ್ಕು ಉಂಟಲ್ಲ ಸಾರ್’ ಎಂದಿದ್ದರು. ಚಳಿಗಾಲವೇ ನಮ್ಮಲ್ಲಿ ಹೆರಿಗೆಯ ಕಾಲ. ಹಸು ಬಾಲ ಎತ್ತುವ ರೀತಿ ನೋಡಿಯೇ ಇಂದೋ ನಾಳೆಯೋ ಎಂದು ಹೇಳುತ್ತಿದ್ದರು, ನಾನು ಥರ್ಮಾಮೀಟರ್ ಹುಡುಕುವಷ್ಟರಲ್ಲಿ ಕರು ನೆಲಕ್ಕೆ ಬಿದ್ದಿರುತ್ತಿತ್ತು.

ನಾನು ಫಾರ್ಮಿನ ಸೂಪರ್‌ವೈಸರ್ ಗೋಪಾಲಕೃಷ್ಣ, ಪಶುಸಂಗೋಪನೆಯಲ್ಲಿ ಡಿಪ್ಲೊಮಾ ಮಾಡಿದವನು. ಹೆಂಡತಿ ಮತ್ತು ಮಗಳು ಖುಷಿ, ಅವಳ ಶಾಲೆಯ ಕಾರಣಕ್ಕೆ, ದೂರದ ನಗರದ ಅಲ್ ಹೈಲ್‌ನಲ್ಲಿದ್ದಾರೆ. ನಾನು ಫಾರ್ಮಿನ ಕ್ವಾರ್ಟರ್ಸಿನಲ್ಲಿದ್ದು ವಾರದ ಕೊನೆಗೆ ಅಲ್ಲಿಗೆ ಹೋಗುತ್ತೇನೆ. ಕನ್ನಡ ಮಾತಾಡಲು ನನಗಿದ್ದದ್ದು ಜಲಾಲ್ ಒಬ್ಬರೇ. ‘ನಿಮ್ಮ ಮೈಸೂರು ಕನ್ನಡ ಕೇಳಿದ್ರೆ ದನಕ್ಕೆ ನಿದ್ದೆ ಬರ್ತದೆ ಸಾರ್, ಹಾಲು ಕರೆಯುವಾಗ ಹತ್ತಿರ ಬಂದು ಮಾತಾಡ್ಬೇಡಿ’ ಎಂದು ಚುಡಾಯಿಸುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ದಿನವೂ ಬೂತಾಯಿ ಮೀನಿನ ಸಾರು ಉಣ್ಣುವವರು ಹಸುಗಳಿಗೂ ಅದನ್ನೇ ಕಲಿಸಿದ್ದೀರಲ್ಲ ಎನ್ನುತ್ತಿದ್ದೆ.

ಅದನ್ನು ಕಲಿಸಿದ್ದು ಅವರಲ್ಲ. ಈ ಕರಾವಳಿಯಲ್ಲಿ ಅಜ್ಜಂದಿರ ಕಾಲದಿಂದಲೂ ಹಸುವಿಗೆ ಒಣಗಿಸಿದ ಬೂತಾಯಿ ಹಾಕುತ್ತಾರೆ. ಬೇಲಿಯ ಹೊರಗೆ ಚಾಪೆಯ ಮೇಲೆ ಬೆಳ್ಳಗೆ ಹರಡಿದ ಮೀನು ಒಣಗುತ್ತಿರುತ್ತದೆ. ಚಳಿಗಾಲದ ಸಂಜೆ ದೊಡ್ಡ ಹಂಡೆಯಲ್ಲಿ ಖರ್ಜೂರ, ಗೋಧಿ ಬೂಸಾ, ಒಣಮೀನು ಸೇರಿಸಿ ಬೇಯಿಸಿ ಬಿಸಿಬಿಸಿ ಬಡಿಸಿದರೆ ಹಸುಗಳು ಕಣ್ಣು ಮುಚ್ಚಿಕೊಂಡು ತಿನ್ನುತ್ತವೆ. ಆ ವಾಸನೆಗೆ ನಾನು ಮಾತ್ರ ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದೆ. ಇಲ್ಲಿಗೆ ಬಂದು ಒಂಬತ್ತು ವರ್ಷವಾದರೂ ಆ ಮೀನನ್ನು ಕೈಯಿಂದ ಮುಟ್ಟಿರಲಿಲ್ಲ.

ಎರಡು ವರ್ಷದ ಹಿಂದಿನ ಚಳಿಗಾಲಕ್ಕೆ ಅಮ್ಮ ವಿಸಿಟ್ ವೀಸಾದಲ್ಲಿ ಬಂದರು. ಅಲ್ ಹೈಲ್‌ನ ಮೂರನೇ ಮಹಡಿಯಲ್ಲಿ ಅವರಿಗೆ ಬೇಜಾರು. ‘ನಿನ್ನ ಹಸುಗಳ ಹತ್ರಾನೇ ಇರ್ತೀನಿ ಕಣೋ, ಧನುರ್ಮಾಸದ ಪೂಜೆಗೆ ಆಗ ತಾನೇ ಕರೆದ ಹಾಲು ಸಿಗುತ್ತೆ’ ಎಂದು ನನ್ನ ಜೊತೆ ಹೊರಟೇ ಬಿಟ್ಟರು. ಅದಕ್ಕೆ ಕಾರಣ ನಾನೇ. ಫೋನ್ ಮಾಡಿದಾಗೆಲ್ಲ ನಮ್ಮ ಫಾರ್ಮಿನ ಹಾಲು, ನಮ್ಮ ಫಾರ್ಮಿನ ಹಾಲು ಎಂದು ಜಂಬ ಕೊಚ್ಚಿಕೊಂಡಿದ್ದೆ. ಮೀನಿನ ವಿಷಯ ಹೇಳಿರಲಿಲ್ಲ. ರಜೆಗೆ ಬಂದ ಖುಷಿ ಕೊಟ್ಟಿಗೆಯಿಂದ ಕುಣಿಯುತ್ತಾ ಬಂದು, ‘ಅಜ್ಜೀ, ದ ಕೌಸ್ ಹಿಯರ್ ಈಟ್ ಫಿಶ್!’ ಎಂದು ಎಲ್ಲವನ್ನೂ ಬಯಲು ಮಾಡಿದಳು.

ಅಮ್ಮ ಕೂಗಾಡುವವರಲ್ಲ. ತೊಳೆದಿಟ್ಟ ಹಾಲಿನ ಪಾತ್ರೆಯನ್ನು ಬೋರಲು ಹಾಕಿ, ‘ಮೀನು ತಿಂದ ಹಸುವಿನ ಹಾಲನ್ನ ದೇವರಿಗೆ ಹೇಗೋ ಇಡೋದು?’ ಎಂದರು, ಅಷ್ಟೇ. ಆಗ ಅಂಗಡಿಯಿಂದ ಪ್ಯಾಕೆಟ್ ಹಾಲು ತಂದುಕೊಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಕೊಚ್ಚಿಕೊಂಡ ಜಂಬ ಬಿಡಬೇಕಲ್ಲ! ‘ನಿಮಗೆ ಅಂತ ಒಂದು ಹಸುವನ್ನ ಬೇರೆ ಇಡ್ತೀನಮ್ಮ. ಸಂಕ್ರಾಂತಿವರೆಗೂ ಅದಕ್ಕೆ ಮೀನು ಮುಟ್ಟಿಸಲ್ಲ’ ಎಂದೆ. ಯಾವುದು ಎಂದು ಕೇಳಿದಾಗ ಅಮ್ಮನ ಬೆರಳು ಹೋದದ್ದು ಹಮ್ರಾ ಕಡೆಗೆ. ಹಮ್ರಾ ಎಂದರೆ ಕೆಂಪಿ. ಪುಟ್ಟ ಹಿಣಿಲು, ಗಂಟಲಡಿ ಇಳಿಬಿದ್ದ ಗಂಗೆದೊಗಲು, ನೋಡಲು ಅಪ್ಪಟ ನಮ್ಮೂರಿನ ಹಸು. ಫಾರ್ಮಿನ ಯಜಮಾನರಿಗೂ ಅದೇ ಅಚ್ಚುಮೆಚ್ಚು. ಅವರನ್ನು ನಾವೆಲ್ಲ ಅರ್ಬಾಬ್ ಎನ್ನುತ್ತೇವೆ, ಎಪ್ಪತ್ತು ದಾಟಿದ ಒಮಾನಿ ಮುದುಕರು. ಹಮ್ರಾ ಹೆಣ್ಣು ಕರು ಹಾಕಿ ಆಗಿನ್ನೂ ಹದಿನೈದು ದಿನವಾಗಿತ್ತು.

ಜಲಾಲ್‌ಗೆ ಹೇಳಿದಾಗ ಅವರು ಕೈಲಿದ್ದ ಸೌಟನ್ನು ಹಂಡೆಯ ಅಂಚಿಗೆ ಒರಗಿಸಿದರು.

‘ಬೇಡ ಸಾರ್. ಅದು ಬಾಣಂತಿ. ಬಾಣಂತಿಗೆ ಪಥ್ಯ ಬೇಕು, ಉಪವಾಸ ಅಲ್ಲ. ಆ ಮೂಲೆಯಲ್ಲಿ ಬಿಳಿ ಮುದುಕಿ ಉಂಟಲ್ಲ, ಅದಕ್ಕೆ ಮೀನು ಇಲ್ಲದಿದ್ರೂ ನಡೀತದೆ. ಹಾಲು ಸ್ವಲ್ಪವೇ, ಆದ್ರೆ ಪೂಜೆಗೆ ಎಷ್ಟು ಬೇಕು?’

‘ಅಮ್ಮ ಇದನ್ನೇ ತೋರಿಸಿದ್ದಾರೆ.’

‘ಅಮ್ಮನಿಗೆ ನಾನು ಹೇಳ್ತೇನೆ ಮಾರಾಯ್ರೆ. ಅವರು ಮೂರು ಹೆತ್ತವರು, ಅವರಿಗೆ ಅರ್ಥ ಆಗ್ತದೆ.’

ನನಗೆ ರೇಗಿತು. ‘ಡಿಪ್ಲೊಮಾ ಮಾಡಿರೋದು ನಾನೋ ನೀವೋ? ಖನಿಜದ ಪುಡಿ ತರಿಸ್ತೀನಿ, ಮೀನಿನ ಬದಲು ಅದು ಸಾಕು. ಹಂಡೆಯದು ಅದಕ್ಕೆ ಬೇಡ. ಅರ್ಬಾಬ್‌ಗೂ ಹೇಳಬೇಡಿ.’

‘ಆಯ್ತು ಸಾರ್’ ಎಂದರು. ಆ ದಿನದಿಂದ ಹಮ್ರಾಗೆ ಕುದುರೆಮೆಂತೆ ಸೊಪ್ಪು, ಒಂದಿಷ್ಟು ಖರ್ಜೂರ. ಸಂಜೆ ಹಂಡೆಯ ಮುಚ್ಚಳ ತೆಗೆದಾಗ ಅದು ಹಗ್ಗ ಜಗ್ಗಿ ಕೂಗುತ್ತಿತ್ತು, ಜಲಾಲ್ ಅದರ ಕಡೆ ಬೆನ್ನು ಹಾಕಿ ಬಡಿಸುತ್ತಿದ್ದರು. ಪುಡಿ ಸೊಹಾರ್ ಪೇಟೆಯಿಂದ ಬರಬೇಕು, ಒಂದು ಫೋನ್ ಮಾಡಿದರೆ ಸಾಕಿತ್ತು. ನಾಳೆ ಮಾಡೋಣ ಎಂದೆ. ಆಮೇಲೆ ಹೊಸ ವರ್ಷ, ಖುಷಿಯ ರಜೆ, ಅಮ್ಮನನ್ನು ಕರೆದುಕೊಂಡು ಸಮುದ್ರ ನೋಡಿದ್ದು. ಜಲಾಲ್ ಮೂರು ಸಲ ಕೇಳಿದರು. ಮೂರು ಸಲವೂ ‘ಬರುತ್ತೆ’ ಎಂದೆ. ನಿಜವಾಗಿ, ನಾನು ಫೋನೇ ಮಾಡಿರಲಿಲ್ಲ.

ಇತ್ತ ಪೂಜೆ ಸಾಂಗವಾಗಿ ನಡೆಯುತ್ತಿತ್ತು. ಸೂರ್ಯ ಹುಟ್ಟುವ ಮುಂಚೆ ಅಮ್ಮನ ಗಂಟೆಯ ಸದ್ದು, ತುಪ್ಪ ಮೆಣಸಿನ ಹುಗ್ಗಿಯ ಘಮ. ಬಾಗಿಲ ಹೊರಗೆ ಹಾಲಿನ ಕ್ಯಾನ್ ಇಟ್ಟು ‘ಅಮ್ಮಾ, ಹಾಲು’ ಎಂದು ಜಲಾಲ್ ಕರೆಯುತ್ತಿದ್ದರು. ಅಮ್ಮ ಅವರಿಗೆ ಬಾಳೆಲೆ ಸಿಗದೆ ಸ್ಟೀಲ್ ತಟ್ಟೆಯಲ್ಲಿ ಹುಗ್ಗಿ ಕೊಡುತ್ತಿದ್ದರು. ತಟ್ಟೆ ತೊಳೆದೇ ವಾಪಸ್ಸು ಬರುತ್ತಿತ್ತು.

ಜನವರಿ ಮೂರರ ಬೆಳಿಗ್ಗೆ ಹಾಲು ಬರಲಿಲ್ಲ. ಹೋಗಿ ನೋಡಿದರೆ ಹಮ್ರಾ ಮಲಗಿಬಿಟ್ಟಿತ್ತು. ಮೂತ್ರ ಡಿಕಾಕ್ಷನ್ ಬಣ್ಣದ್ದು, ಒಸಡು ಸುಣ್ಣದ ಬಿಳಿ. ಎರಡನೇ ವರ್ಷದ ಪರೀಕ್ಷೆಯಲ್ಲಿ ಇದರ ಬಗ್ಗೆಯೇ ನಾನು ಒಂದು ಪುಟ ಬರೆದಿದ್ದೆ. ಕರು ಹಾಕಿದ ಹಸು, ಬರೀ ಸೊಪ್ಪಿನ ಮೇವು, ಫಾಸ್ಫರಸ್ ಇಲ್ಲ, ರಕ್ತ ಒಡೆದು ಮೂತ್ರದಲ್ಲಿ ಹೋಗುತ್ತದೆ. ಆ ಫಾಸ್ಫರಸ್ ಇದ್ದದ್ದು ನಾನು ಕಿತ್ತುಕೊಂಡ ಮೀನಿನಲ್ಲಿ, ಬೂಸಾದಲ್ಲಿ. ಡಾಕ್ಟರ್ ಬಂದು ಇಂಜೆಕ್ಷನ್ ಕೊಟ್ಟರು. ಜಲಾಲ್ ಎರಡು ದಿನ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ಕರುವಿನ ಮೇಲೂ ಗೋಣಿ, ತಾಯಿಯ ಮೇಲೂ ಗೋಣಿ. ಐದನೇ ತಾರೀಕು ಮಧ್ಯಾಹ್ನ ಹಮ್ರಾ ಸತ್ತಿತು.

ಅರ್ಬಾಬ್ ಸಂಜೆ ಬಂದರು. ಕೊಟ್ಟಿಗೆಯ ಮುಂದೆ ಕೋಲೂರಿ ನಿಂತು ಎಲ್ಲರನ್ನೂ ಕರೆಸಿದರು. ಹಾಲು ಕರೆಯುವ ಬಶೀರ್, ಹಮ್ರಾಗೆ ಮೂರು ವಾರದಿಂದ ಹಂಡೆಯ ಮೇವು ಬಿದ್ದಿಲ್ಲ ಎಂದು ಬಾಯಿ ತಪ್ಪಿ ಹೇಳಿಬಿಟ್ಟ.

‘ಮೀನು ನಿಲ್ಲಿಸಿದ್ದು ಯಾರು?’ ಎಂದರು ಅರ್ಬಾಬ್.

‘ನಾನು’ ಎಂದರೆ ಸಾಕಿತ್ತು. ಅರಬ್ಬಿಯಲ್ಲೂ ಅದು ಒಂದೇ ಪದ. ನನ್ನ ವೀಸಾ, ಖುಷಿಯ ಶಾಲೆ, ಬಾಗಿಲಲ್ಲಿದ್ದ ಅಮ್ಮ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ‘ಮೇವು ನೋಡಿಕೊಳ್ಳುವುದು ಜಲಾಲ್’ ಎಂದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನನ್ನ ಜನ್ಮದಲ್ಲಿ ನಾನು ಆಡಿದ ಅತಿ ದೊಡ್ಡ ಸುಳ್ಳು ಅದು.

ಜಲಾಲ್ ನನ್ನನ್ನು ನೋಡಿದರು. ಆಮೇಲೆ ನನ್ನ ಕ್ವಾರ್ಟರ್ಸಿನ ಬಾಗಿಲನ್ನು ನೋಡಿದರು. ಅಲ್ಲಿ ಅಮ್ಮ ಹೊಸಿಲಿಗೆ ರಂಗೋಲಿಯ ಎಳೆ ಎಳೆಯುತ್ತಿದ್ದರು. ಜಲಾಲ್ ತಲೆ ತಗ್ಗಿಸಿ ಸುಮ್ಮನೆ ನಿಂತರು. ‘ಖಲಾಸ್’ ಎಂದರು ಅರ್ಬಾಬ್. ಇಪ್ಪತ್ತೆರಡು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ಕಾಗದಪತ್ರ ಆಗಲು ಒಂಬತ್ತು ದಿನ ಹಿಡಿಯಿತು. ಒಂಬತ್ತು ದಿನವೂ ಇವತ್ತು ಅರ್ಬಾಬ್‌ಗೆ ಹೇಳುತ್ತೇನೆ ಎಂದುಕೊಂಡು ಎದ್ದೆ, ಹೇಳದೆ ಮಲಗಿದೆ. ಅಮ್ಮನಿಗೆ ಹಸು ಜ್ವರ ಬಂದು ಸತ್ತಿತೆಂದೂ, ಜಲಾಲ್‌ಗೆ ಊರಿನಲ್ಲಿ ಕೆಲಸವಿದೆಯೆಂದೂ ಹೇಳಿದೆ. ಹಾಲು ಮಾತ್ರ ಅಷ್ಟೂ ದಿನ ಬಾಗಿಲಿಗೆ ಬರುತ್ತಲೇ ಇತ್ತು. ಎಲ್ಲಿಂದ ಎಂದು ಕೇಳುವ ಮುಖ ನನಗಿರಲಿಲ್ಲ.

ಸಂಕ್ರಾಂತಿಯ ಬೆಳಿಗ್ಗೆ ಅವರು ಹೊರಟರು. ಹೊಸ ಶರಟು, ಹಗ್ಗ ಕಟ್ಟಿದ ಒಂದು ಪೆಟ್ಟಿಗೆ, ಕೈಯಲ್ಲಿ ಎಂದಿನ ಹಾಲಿನ ಕ್ಯಾನ್.

‘ಇದು ಬಿಳಿ ಮುದುಕಿಯದ್ದು ಸಾರ್. ಹಮ್ರಾ ಮಲಗಿದ ದಿನದಿಂದ ಅದಕ್ಕೆ ಮೀನು ಹಾಕ್ಲಿಲ್ಲ. ಅಮ್ಮನ ಪೂಜೆ ಇವತ್ತಿನ ತನಕ ಅಲ್ವಾ, ಅರ್ಧದಲ್ಲಿ ನಿಲ್ಲುದು ಬೇಡ.’

ನಾನು ಕ್ಯಾನ್ ತೆಗೆದುಕೊಂಡೆ. ಅವರು ದನಿ ಇಳಿಸಿದರು.

‘ಅಮ್ಮನಿಗೆ ಮಾತ್ರ ಹೇಳ್ಬೇಡಿ. ದನ ಸತ್ತ ಪಾಪವನ್ನ ಅವರ ತಲೆಗೆ ಹಾಕ್ಬೇಡಿ. ಈ ವಯಸ್ಸಿನಲ್ಲಿ ತಡ್ಕೊಳ್ಳುದಿಲ್ಲ ಅವರು.’

ಅವರು ಅಂದು ಬಾಯಿ ಬಿಡದೆ ನಿಂತದ್ದು ನನಗೋಸ್ಕರ ಅಲ್ಲ ಎಂದು ಆಗ ತಿಳಿಯಿತು. ಅವರು ಕಾಪಾಡಿದ್ದು ನನ್ನ ತಾಯಿಯನ್ನು. ಅಮ್ಮ ಒಳಗಿನಿಂದ ಎಳ್ಳುಬೆಲ್ಲದ ಪೊಟ್ಟಣ ತಂದು ಅವರ ಕೈಗಿಟ್ಟು, ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಪ್ಪ’ ಎಂದರು. ನಾನು ಆ ದಿನದ ಪೊಂಗಲನ್ನು ಉಂಡೆ. ಹೇಗೆ ಇಳಿಯಿತೋ ಗೊತ್ತಿಲ್ಲ, ಇಳಿಯಿತು.

ಅಮ್ಮ ಮೈಸೂರಿಗೆ ಮರಳಿದರು. ಪ್ರತಿ ಭಾನುವಾರ ಫೋನಿನಲ್ಲಿ, ‘ಆ ಜಲಾಲ್ ಹೇಗಿದ್ದಾನೋ?’ ಎಂದು ಕೇಳುತ್ತಾರೆ. ಚೆನ್ನಾಗಿದ್ದಾರೆ ಎನ್ನುತ್ತೇನೆ. ವಿಚಾರಿಸಿ ಹೇಳಿದ್ದಲ್ಲ. ಅವರ ನಂಬರು ನನ್ನ ಫೋನಿನಲ್ಲಿದೆ, ಒತ್ತಲು ಬೆರಳು ಬರುತ್ತಿರಲಿಲ್ಲ. ಫಾರ್ಮಿನಲ್ಲಂತೂ ಇನ್ನೊಂದು ಅನ್ಯಾಯ ತಾನಾಗಿಯೇ ಬೆಳೆಯಿತು. ಯಾರಾದರೂ ಗೇಟು ಹಾಕಲು ಮರೆತರೆ, ನೀರು ಬಿಡಲು ತಡಮಾಡಿದರೆ, ‘ಜಲಾಲ್ ಕೆಲಸ’ ಎನ್ನತೊಡಗಿದರು. ಕರುವಿಗೆ ಹೊದಿಸಿ ತಾನು ಚಳಿಯಲ್ಲಿ ನಿಂತವನ ಹೆಸರು ಈ ಬಯಲಿನಲ್ಲಿ ಬೇಜವಾಬ್ದಾರಿಗೆ ಗಾದೆಯಾಯಿತು. ಆ ಮಾತು ಕೇಳಿದಾಗೆಲ್ಲ ನಾನು ಕೊಟ್ಟಿಗೆಯಿಂದ ಹೊರಗೆ ಹೋಗುತ್ತಿದ್ದೆ.

ಈ ಡಿಸೆಂಬರಿನ ಒಂದು ಸಂಜೆ ಅರ್ಬಾಬ್ ಬಂದಿದ್ದರು. ಹಮ್ರಾಳ ಕರು ಈಗ ಎದೆಯೆತ್ತರದ ಕಡಸು, ತಾಯಿಯದೇ ಬಣ್ಣ. ಅದರ ಬೆನ್ನು ಸವರುತ್ತಾ ಅವರು ಬಶೀರ್‌ಗೆ, ‘ಇದನ್ನು ಚೆನ್ನಾಗಿ ನೋಡಿಕೋ. ಜಲಾಲ್‌ನ ಹಾಗೆ ಮಾಡಬೇಡ’ ಎಂದರು.

‘ಜಲಾಲ್ ಅಲ್ಲ’ ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. ‘ಮೀನು ನಿಲ್ಲಿಸಿದ್ದು ನಾನು. ಅವರು ಬೇಡ ಎಂದರು, ನಾನೇ ಬಲವಂತ ಮಾಡಿದೆ. ಪುಡಿ ತರಿಸುತ್ತೇನೆಂದು ಹೇಳಿ ತರಿಸಲಿಲ್ಲ.’

ಅರ್ಬಾಬ್ ಕಡಸಿನ ಬೆನ್ನಿನಿಂದ ಕೈ ತೆಗೆದರು. ‘ನಿನ್ನ ವಿಷಯ ಆಮೇಲೆ ನೋಡುತ್ತೇನೆ. ಅವತ್ತು ಎಲ್ಲರ ಮುಂದೆ ಅವನ ಹೆಸರು ಹೇಳಿದೆ. ಈಗ ಎಲ್ಲರ ಮುಂದೆಯೇ ಅವನಿಗೆ ಹೇಳು’ ಎಂದರು.

ಕೊಟ್ಟಿಗೆಯವರೆಲ್ಲ ಸುತ್ತ ನಿಂತರು. ಫೋನ್ ಸ್ಪೀಕರಿಗೆ ಹಾಕಿದೆ. ಮುಫೀದಾ ಎತ್ತಿ, ಅವರನ್ನು ಕೂಗಿ ಕರೆದರು. ನಾನು ಎಲ್ಲ ಹೇಳಿದೆ, ಮೊದಲು ಕನ್ನಡದಲ್ಲಿ, ಆಮೇಲೆ ಎಲ್ಲರಿಗೂ ತಿಳಿಯುವಂತೆ ಅರಬ್ಬಿಯಲ್ಲಿ. ತಪ್ಪಾಯಿತು ಎಂದೆ. ಅರ್ಬಾಬ್ ಬಗ್ಗಿ, ‘ಜಲಾಲ್, ವಾಪಸ್ಸು ಬಾ’ ಎಂದರು.

‘ಇಲ್ಲ ಅರ್ಬಾಬ್. ಇಲ್ಲಿ ಈಗ ನನ್ನದೇ ಎರಡು ದನ ಉಂಟು. ಒಂದು ಗಬ್ಬ’ ಎಂದರು ಜಲಾಲ್. ಆಮೇಲೆ ಕನ್ನಡದಲ್ಲಿ ನನ್ನನ್ನು ಕೇಳಿದರು. ‘ಅಮ್ಮನಿಗೆ ಗೊತ್ತುಂಟಾ ಸಾರ್?’

‘ಇಲ್ಲ.’

‘ಹಾಗೇ ಇರ್ಲಿ. ಹಮ್ರಾದ ಕರು ಹೇಗುಂಟು? ಚಳಿ ಶುರು ಆಯ್ತಲ್ಲ, ಮೀನು ಹಾಕ್ತೀರಲ್ಲ ಅದಕ್ಕೆ?’

‘ಹಾಕ್ತಾರೆ ಜಲಾಲ್, ದಿನಾ ಹಾಕ್ತಾರೆ.’

‘ಯಾರು ಹಾಕುದು?’

ನನ್ನನ್ನು ಚುಚ್ಚಬೇಕೆಂದು ಅವರು ಕೇಳಲಿಲ್ಲ. ದನದ ಬಗ್ಗೆ ಅವರು ಯಾವಾಗಲೂ ಕೇಳುವ ರೀತಿ ಅದು. ಆದರೆ ಹಮ್ರಾ ಸತ್ತ ಸಂಜೆ ಅರ್ಬಾಬ್ ಕೇಳಿದ್ದೂ ಇದೇ ಜಾಗದಲ್ಲಿ, ಹೀಗೆಯೇ, ಯಾರು ಎಂದು. ಬಶೀರ್ ಒಣಮೀನಿನ ಬುಟ್ಟಿ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದ. ಮೂಗಿಗೆ ಕಟ್ಟಿದ್ದ ಟವೆಲ್ಲನ್ನು ಬಿಚ್ಚಿದೆ.

‘ನಾನು’ ಎಂದು ಬುಟ್ಟಿಗೆ ಕೈ ಹಾಕಿದೆ.