ಡೊಳ್ಳಿನ ಮುಂದೆ ಕೂತ ಅಕ್ಕ

ನಿನ್ನೆ ಮಾನ್ವಿಯ ಮದುವೆಯೊಂದರಲ್ಲಿ ಡಿಜೆ ಶುರುವಾದ ಕೂಡಲೇ ಪುಟ್ಟ ಹುಡುಗಿಯೊಬ್ಬಳು ಕಿವಿ ಮುಚ್ಚಿಕೊಂಡು ಕಿರುಚಿದಳು. ನನ್ನ ಅಕ್ಕ ಮಲ್ಲವ್ವನೇ ಕಿರುಚಿದಂತಾಯಿತು.

ನಾನು ಚಿಕ್ಕವಳಿದ್ದಾಗ ಹಿರೇಕೊಟ್ನೆಕಲ್‌ನ ನಮ್ಮ ಮನೆಯಲ್ಲಿ ಅಕ್ಕ ಯಾರೊಂದಿಗೂ ಮಾತಾಡದೆ ದಿನವಿಡೀ ಹುಣಸೆಬೀಜ ಸಾಲು ಜೋಡಿಸುತ್ತಿದ್ದಳು. ಅವಳನ್ನು ಕಾಯಲೆಂದೇ ನನ್ನನ್ನು ಶಾಲೆ ಬಿಡಿಸಿದ್ದರು. ಗಾಳಿ ಸೋಕಿದೆಯೆಂದು ಹಿರಿಯರು ಅಮಾವಾಸ್ಯೆಗೊಮ್ಮೆ ಅವಳನ್ನು ಡೊಳ್ಳಿನ ಮುಂದೆ ಕೂರಿಸುತ್ತಿದ್ದರು. ತಟ್ಟೆ ಬಿದ್ದರೂ ಬೆಚ್ಚುವ ಅಕ್ಕ ಚೀರಿಡುತ್ತಿದ್ದಳು.

"ನೋಡ್ರಿ, ಗಾಳಿ ಒದ್ದಾಡಾಕತ್ತದ! ಇನ್ನಾ ಜೋರ್ ಬಾರಸ್ರಿ!" ಎನ್ನುತ್ತಿದ್ದ ಕಾಕಾ.

"ಕಾಕಾ, ಆಕಿಗಿ ಸಪ್ಪಳಾನ ಆಗಿಬರಂಗಿಲ್ಲ!" ಎಂದು ನಾನು ಅಳುತ್ತಿದ್ದೆ.

"ಸಾಲಿ ಬಿಟ್ಟಾಕಿ, ನಿನಗೇನ್ ತಿಳಿತದ ಬೇ? ಸುಮ್ನ ಕುಂದ್ರು."

ಕೊನೆಗೆ ಅಕ್ಕ ಸುಸ್ತಾಗಿ ಒರಗಿದರೆ, ಗಾಳಿ ಬಿಟ್ಟಿತೆಂದು ಬೆಲ್ಲ ಹಂಚುತ್ತಿದ್ದರು. ಮರುದಿನದಿಂದಲೇ ನನಗೆ ಮುಂದಿನ ಅಮಾವಾಸ್ಯೆಯ ಚಿಂತೆ.

ನಿನ್ನೆ ಆ ಹುಡುಗಿಯ ತಾಯಿ, "ಮಗಳಿಗೆ ಆಟಿಸಂ ಅದರೀ, ಸಪ್ಪಳ ಸ್ವಲ್ಪ ಕಮ್ಮಿ ಮಾಡ್ರಿ" ಎಂದು ಬೇಡಿದಳು. "ಕೇಳಿ ಕೇಳಿ ರೂಢಿ ಆಗ್ತದ ಬಿಡ್ರಿ ಯಕ್ಕಾ" ಎಂದು ಡಿಜೆಯವನು ಇನ್ನಷ್ಟು ಏರಿಸಿದ. ಇಷ್ಟು ವರ್ಷವಾದರೂ ಅದೇ! ಹೋಗಿ ವಾಯರ್ ಕಿತ್ತೆಸೆದೆ.

ಬೀಗರು ಇನ್ನೂ ಬೈಯುತ್ತಿದ್ದಾರಂತೆ. ಆ ಹುಡುಗಿ ಮಾತ್ರ ಮೆಲ್ಲಗೆ ಕಿವಿಯಿಂದ ಕೈ ತೆಗೆದಿದ್ದಳು.